ಹಾಸನದಿಂದ ಕಾಶಿ: ಎರಡೂವರೆ ಗಂಟೆಯ ವಿಮಾನ, ಹನ್ನೆರಡು ಗಂಟೆಯ ದಾರಿ

ಬೆಂಗಳೂರಿನಿಂದ ವಾರಾಣಸಿಗೆ ಎಲ್ಲೂ ನಿಲ್ಲದೆ ಹೋಗುವ ವಿಮಾನದ ಟಿಕೆಟ್ ಮೇಲೆ ಹೆಚ್ಚುಕಡಿಮೆ 2 ಗಂಟೆ 25 ನಿಮಿಷ ಎಂದಿರುತ್ತದೆ. ಅದನ್ನು ನೋಡಿ, ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಕಾಶಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಸನದ ಮನೆ ಬಾಗಿಲಿನಿಂದ ಕಾಶಿಯ ಗೋದೌಲಿಯಾದ ಛತ್ರದ ಬಾಗಿಲಿಗೆ ಹನ್ನೊಂದೂವರೆಯಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಅದರಲ್ಲಿ ವಿಮಾನ ನಿಜವಾಗಿ ಗಾಳಿಯಲ್ಲಿರುವುದು ಎರಡು ಗಂಟೆ ಚಿಲ್ಲರೆ. ಉಳಿದದ್ದೆಲ್ಲ ನೆಲದ ಮೇಲಿನ ಹೊತ್ತು, ಎಡವಟ್ಟಾಗುವುದೂ ಅಲ್ಲಿಯೇ. ಆದ್ದರಿಂದ ನಾಲ್ಕು ದಿನದ ಈ ಯಾತ್ರೆಯನ್ನು ಗಡಿಯಾರ ಕೈಯಲ್ಲಿಟ್ಟುಕೊಂಡೇ ಬರೆದಿದೆ.

ಟಿಕೆಟ್ ತೆಗೆಯುವ ಮುಂಚೆ

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ವಾರಾಣಸಿಯ ಬಾಬತ್‌ಪುರದಲ್ಲಿರುವ ಲಾಲ್ ಬಹಾದ್ದೂರ್ ಶಾಸ್ತ್ರಿ ನಿಲ್ದಾಣಕ್ಕೆ, ಭೂಮಿಯ ಬಾಗನ್ನೂ ಸೇರಿಸಿ ಅಳೆದ ಅತಿ ಹತ್ತಿರದ ದೂರ ಸುಮಾರು 1,465 ಕಿ.ಮೀ. ವಿಮಾನದವರ ಅಳತೆಯಲ್ಲಿ 790 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ವಿಮಾನ ಈ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಗೊತ್ತುಪಡಿಸಿದ ವಾಯುಮಾರ್ಗಗಳಿವೆ, ಮೋಡ ತಪ್ಪಿಸಬೇಕು, ಇಳಿಯುವ ಮುಂಚೆ ಓಡುದಾರಿಯ ನೇರಕ್ಕೆ ಸುತ್ತಿ ಬರಬೇಕು. ಹಾಗಾಗಿ ಹಾರುವ ದೂರ ಯಾವಾಗಲೂ ಇದಕ್ಕಿಂತ ಸ್ವಲ್ಪ ಹೆಚ್ಚೇ.

ದೂರದಿಂದ ಹೊತ್ತನ್ನು ಅಂದಾಜು ಮಾಡಲು ಸುಲಭದ ಲೆಕ್ಕವೊಂದಿದೆ. ಕಿಲೋಮೀಟರನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 35 ನಿಮಿಷ ಕೂಡಿಸಬೇಕು. 1,465ಕ್ಕೆ ಒಂದು ಗಂಟೆ ಐವತ್ತು ನಿಮಿಷ ಬರುತ್ತದೆ. 35 ಸೇರಿದರೆ 2 ಗಂಟೆ 25. ದೆಹಲಿಗೆ ಸುಮಾರು 1,710 ಕಿ.ಮೀ., ಅಂದರೆ 2 ಗಂಟೆ 43 ನಿಮಿಷ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 305 ಕಿ.ಮೀ., ಒಂದು ಗಂಟೆಗೆ ಎರಡು ನಿಮಿಷ ಕಡಿಮೆ. (ಈ ಎರಡು ನಿಲ್ದಾಣಗಳ ನಡುವೆ ನಕ್ಷೆಯ ಮೇಲೆ ದಾರ ಎಳೆದರೆ ಅದು ಹಾಸನದ ನೆತ್ತಿಯ ಮೇಲೆಯೇ ಹಾಯುತ್ತದೆ.) ಕೂಡಿಸುವ 35 ನಿಮಿಷ ಎಲ್ಲಿಂದ ಬಂತೆಂದರೆ, ವಿಮಾನ ನಿಂತ ಜಾಗ ಬಿಟ್ಟು ಓಡುದಾರಿಗೆ ಹೋಗುವುದು, ನಿಧಾನಕ್ಕೆ ಏರುವುದು, ನಿಧಾನಕ್ಕೆ ಇಳಿಯುವುದು, ಮತ್ತೆ ನಿಲ್ಲುವ ಜಾಗಕ್ಕೆ ಬರುವುದು. ಟಿಕೆಟ್ ಮೇಲಿನ ಹೊತ್ತು ಹಾರಾಟದ ಹೊತ್ತಲ್ಲ, ಬಾಗಿಲು ಮುಚ್ಚಿ ವಿಮಾನ ಅಲುಗಿದ ಕ್ಷಣದಿಂದ ಇನ್ನೊಂದು ಊರಲ್ಲಿ ನಿಂತ ಕ್ಷಣದವರೆಗಿನ ಹೊತ್ತು. ಈ ಲೆಕ್ಕ ಜೆಟ್ ವಿಮಾನಕ್ಕೆ ಮಾತ್ರ. ಶಿವಮೊಗ್ಗಕ್ಕೆ ಬರುವ ಎಟಿಆರ್‌ನಂತಹ ಪಂಖದ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು.

ಶಿವಮೊಗ್ಗದ ಮಾತು ಬಂತು. ಚಿಕ್ಕಮಗಳೂರಿನವರು ಸೋಗಾನೆಯ ನಿಲ್ದಾಣದಿಂದ ಬೆಂಗಳೂರಿಗೆ ಹಾರಿ ಅಲ್ಲಿಂದ ಕಾಶಿಗೆ ಹೋಗಬಹುದಲ್ಲ ಎಂದು ಕೇಳುತ್ತಾರೆ. ಹೋಗಬಹುದು, ಆದರೆ ಹೊತ್ತೇನೂ ಉಳಿಯುವುದಿಲ್ಲ. ಶಿವಮೊಗ್ಗಕ್ಕೆ ಎರಡೂವರೆ ಗಂಟೆ ರಸ್ತೆ, ಒಂದೂವರೆ ಗಂಟೆ ಮುಂಚಿತ ಕಾಯುವಿಕೆ, ಒಂದು ಗಂಟೆ ಹಾರಾಟ, ಬೆಂಗಳೂರಲ್ಲಿ ಮತ್ತೆ ಎರಡು ಮೂರು ಗಂಟೆ ಕೂರುವುದು. ನೇರವಾಗಿ ರಸ್ತೆಯಲ್ಲೇ ದೇವನಹಳ್ಳಿಗೆ ಬಂದರೆ ಐದೂವರೆ ಗಂಟೆ. ಆದರೂ ಹಾರಲೇಬೇಕೆಂದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ.

ದೆಹಲಿ ಸುತ್ತಿ ಹೋಗುವ ಟಿಕೆಟ್ ಕೆಲವು ದಿನ ಅಗ್ಗವಾಗಿ ಕಾಣುತ್ತದೆ. ದೆಹಲಿಯಿಂದ ವಾರಾಣಸಿಗೆ ಸುಮಾರು 670 ಕಿ.ಮೀ.; ಒಟ್ಟು 2,380. ಹಾರುವ ದೂರ 900 ಕಿ.ಮೀ. ಹೆಚ್ಚಾಗಿ, ದೆಹಲಿಯಲ್ಲಿ ಕಾಯುವುದೂ ಸೇರಿ ಮೂರು ನಾಲ್ಕು ಗಂಟೆ ಹೆಚ್ಚು ತಗಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಎರಡು ಊರಿನ ಮಂಜನ್ನು ಎದುರಿಸಿದಂತೆಯೂ ಆಯಿತು. ಟಿಕೆಟ್‌ನಲ್ಲಿ ‘ನೇರ’ ಎಂದಿದ್ದ ಮಾತ್ರಕ್ಕೆ ನಡುವೆ ನಿಲ್ಲುವುದಿಲ್ಲ ಎಂದಲ್ಲ. ವಿಮಾನ ಬದಲಿಸಬೇಕಿಲ್ಲ ಎಂದಷ್ಟೇ. ‘ತಡೆರಹಿತ’ ಎಂದಿದೆಯೇ ನೋಡಿ.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ತೊಡಕು. ಊರು, ತಂದೆಯ ಹೆಸರಿನ ಇನಿಷಿಯಲ್ ಬಿಟ್ಟರೆ ಮನೆತನದ ಹೆಸರು ಅನೇಕರಿಗೆ ಇರುವುದಿಲ್ಲ, ಅರ್ಜಿಯಲ್ಲಿ ಕೊನೆಯ ಹೆಸರಿನ ಖಾನೆ ಖಾಲಿ ಬಿಡಲು ಬರುವುದಿಲ್ಲ. ಆಧಾರ್‌ನಲ್ಲಿರುವ ಹೆಸರನ್ನೇ ಎರಡೂ ಖಾನೆಯಲ್ಲಿ ಬರೆಯುವುದು ವಾಡಿಕೆ. ಕರೆಯುವ ಹೆಸರು, ಮುದ್ದಿನ ಹೆಸರು ಬೇಡ. ಮಂಡಿನೋವಿನ ಹಿರಿಯರಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಜೊತೆಯಲ್ಲೇ ಕೇಳಿ, ತಡವೆಂದರೆ 48 ಗಂಟೆ ಮುಂಚೆ. ನಿಲ್ದಾಣದ ಒಳಗಿನ ನಡಿಗೆ ಬೇಲೂರು ದೇವಸ್ಥಾನ ಒಂದು ಸುತ್ತು ಬಂದದ್ದಕ್ಕಿಂತ ಹೆಚ್ಚು.

ಮೊದಲನೆಯ ದಿನ: ಹಾಸನ, ದೇವನಹಳ್ಳಿ, ಕಾಶಿ

ಬೆಳಿಗ್ಗೆ 11ರ ವಿಮಾನ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸೋಣ. ಬ್ಯಾಗ್ ಕೊಡುವ ಕೌಂಟರ್ 10ಕ್ಕೆ ಮುಚ್ಚುತ್ತದೆ, ಅಂದರೆ 60 ನಿಮಿಷ ಮುಂಚೆ. ಹತ್ತೂಕಾಲರೊಳಗೆ ತಪಾಸಣೆ ದಾಟಿರಬೇಕು. ಹತ್ತುವ ಗೇಟು 25 ನಿಮಿಷ ಮುಂಚೆ, 10.35ಕ್ಕೆ ಮುಚ್ಚುತ್ತದೆ. ಟಿಕೆಟ್ ಮೇಲಿನ 11 ವಿಮಾನ ಅಲುಗುವ ಹೊತ್ತು, ನೀವು ಹತ್ತುವ ಹೊತ್ತಲ್ಲ. ಹಾಗಾಗಿ ನಿಲ್ದಾಣದ ಬಾಗಿಲಿಗೆ 9ಕ್ಕೆ ಮುಟ್ಟಬೇಕು.

ಹಾಸನದಿಂದ ಅಲ್ಲಿಗೆ ಸುಮಾರು 200 ಕಿ.ಮೀ. ಸ್ವಂತ ಕಾರಾದರೆ ನಾಲ್ಕು ಗಂಟೆ, ಅದರ ಮೇಲೆ ಅರ್ಧ ಗಂಟೆ ಪಂಚರ್‌ಗೋ ಕಾಫಿಗೋ ಮೀಸಲು. ನಸುಕಿನ 4.30ಕ್ಕೆ ಗಾಡಿ ಹೊರಡಲಿ. ಶಾಂತಿಗ್ರಾಮ, ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್. ನೆಲಮಂಗಲದವರೆಗೆ ನಾಲ್ಕು ಪಥದ ರಸ್ತೆ, ಹೇಳಿಕೊಳ್ಳುವಂಥದ್ದೇನಿಲ್ಲ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಅಷ್ಟೇ. ನೆಲಮಂಗಲದಲ್ಲಿ ನಿರ್ಧಾರ ಮಾಡಬೇಕು. ನೇರ ಹೋದರೆ ಗೊರಗುಂಟೆಪಾಳ್ಯ, ಅಲ್ಲಿಂದ ವರ್ತುಲ ರಸ್ತೆಯಲ್ಲಿ ಹೆಬ್ಬಾಳ, ಆಮೇಲೆ ವಿಮಾನ ನಿಲ್ದಾಣದ ರಸ್ತೆ. ಬೆಳಿಗ್ಗೆ ಏಳರೊಳಗೆ ಹೆಬ್ಬಾಳ ದಾಟುವುದಾದರೆ ಇದು ಸರಿ. ಎಂಟು ದಾಟಿದರೆ ಅಲ್ಲಿ ಕಳೆಯುವ ಹೊತ್ತಿಗೆ ಲೆಕ್ಕವಿಲ್ಲ. ನಾಲ್ಕೂವರೆಗೆ ಹೊರಟವರು ಅಲ್ಲಿಗೆ ಬರುವುದು ಎಂಟರ ಹತ್ತಿರಕ್ಕೇ. ಆದ್ದರಿಂದ ಎಡಕ್ಕೆ ತಿರುಗಿ ಮಧುರೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿಯುವುದೇ ಮೇಲು. ಸಿಗ್ನಲ್ ಕಡಿಮೆ, ಇಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದು ಹೇಳಬಹುದಾದ ದಾರಿ.

ಚಿಕ್ಕಮಗಳೂರಿನವರಿಗೆ ಬೇಲೂರು, ಹಾಸನದ ಮೇಲೆ ಇನ್ನೂ 60 ಕಿ.ಮೀ. ಹೆಚ್ಚು, 3 ಗಂಟೆಗೆ ಹೊರಡಬೇಕು. ಚಳಿಗಾಲದಲ್ಲಿ ಬೇಲೂರು ರಸ್ತೆಯಲ್ಲಿ ಕೆರೆಗಳ ಪಕ್ಕ ಮಂಜು ಕವಿದಿರುತ್ತದೆ. ಇನ್ನೊಂದು ದಾರಿ ಕಡೂರು, ಅರಸೀಕೆರೆ, ತಿಪಟೂರು, ತುಮಕೂರು, ದಾಬಸ್‌ಪೇಟೆ. ಅಲ್ಲಿಂದ ಉಪನಗರ ವರ್ತುಲ ರಸ್ತೆಯಲ್ಲಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಬೆಂಗಳೂರಿನ ಮುಖವನ್ನೇ ನೋಡಬೇಕಿಲ್ಲ.

ನಾಲ್ಕು ದಿನ ಕಾರನ್ನು ನಿಲ್ದಾಣದಲ್ಲಿ ನಿಲ್ಲಿಸಿದರೆ ಬಾಡಿಗೆ ಕೈಕಚ್ಚುತ್ತದೆ. ಬಿಟ್ಟು ಬರುವವರಿಲ್ಲದಿದ್ದರೆ ಬಸ್ಸೇ ಸರಿ. ಹಾಸನದಿಂದ ರಾತ್ರಿಯಿಡೀ ಬೆಂಗಳೂರಿಗೆ ಬಸ್ಸಿದೆ. 2.30ರೊಳಗೆ ಹತ್ತಿದರೆ ಮೆಜೆಸ್ಟಿಕ್‌ಗೆ ಆರು, ಆರೂವರೆ. ಅಲ್ಲಿಂದ ವಾಯುವಜ್ರದ ಕೆಐಎಎಸ್-9 ಬಸ್ಸು, ಒಂದರಿಂದ ಒಂದೂವರೆ ಗಂಟೆ. ಮೂರು ನಾಲ್ಕು ಜನರಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗಬೇಡಿ, ಗೊರಗುಂಟೆಪಾಳ್ಯದಲ್ಲೇ ಇಳಿದು ಟ್ಯಾಕ್ಸಿ ಹಿಡಿಯಿರಿ.

ಯಾವ ಟರ್ಮಿನಲ್ ಎಂಬುದನ್ನು ಟಿಕೆಟ್‌ನಲ್ಲೇ ನೋಡಿ. ದೇಶದೊಳಗಿನ ವಿಮಾನಗಳು ಎರಡೂ ಟರ್ಮಿನಲ್‌ಗಳಿಂದ ಹೊರಡುತ್ತವೆ. ತಪ್ಪಾದ ಬಾಗಿಲಲ್ಲಿ ಇಳಿದರೆ ಬಸ್ಸು ಹಿಡಿದು ಹೋಗಲು ಇಪ್ಪತ್ತು ನಿಮಿಷ ದಂಡ. ಮುಖ ತೋರಿಸಿ ಒಳಹೋಗುವ ಡಿಜಿ ಯಾತ್ರಾ 2022ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದ ಮೂರು ನಿಲ್ದಾಣಗಳು ದೆಹಲಿ, ಬೆಂಗಳೂರು, ವಾರಾಣಸಿ. ನಮ್ಮ ದಾರಿಯ ಎರಡೂ ತುದಿಯಲ್ಲಿ ಅದು ಇದೆ. ಮನೆಯಲ್ಲೇ ನೋಂದಾಯಿಸಿಕೊಳ್ಳಿ, ಬಾಗಿಲ ಮುಂದೆ ನಿಂತು ಒಟಿಪಿ ಬರಲೆಂದು ಕಾಯುವವರ ಸಾಲು ಮಾಮೂಲಿ ಸಾಲಿಗಿಂತ ನಿಧಾನ.

ಚೀಲಕ್ಕೆ ಸಾಮಾನ್ಯ ಮಿತಿ ಕೈಯಲ್ಲಿ 7 ಕಿಲೋ, ಕೌಂಟರಿನಲ್ಲಿ ಕೊಡುವುದು 15 ಕಿಲೋ. ಹಾಸನ, ಅರಸೀಕೆರೆಯವರು ಎಡವುವುದು ಕೊಬ್ಬರಿಯಲ್ಲಿ. ವಿಶ್ವನಾಥನಿಗೆ ಅರ್ಪಿಸಲು ತೋಟದ ಕೊಬ್ಬರಿ ಗಿಟುಕು ತುಂಬಿಕೊಂಡು ಬಂದರೆ ಕೌಂಟರಿನಲ್ಲೇ ತೆಗೆಸುತ್ತಾರೆ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಗಾಳಿಯಾಡದ ಕಡೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತಿರುಗುಮುರುಗು: ಕೊಡುವ ಚೀಲದಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು 74 ವ್ಯಾಟ್-ಅವರ್, ತೊಂದರೆಯಿಲ್ಲ. 30,000ದ್ದು 111 ಆಗಿ ಮಿತಿ ದಾಟುತ್ತದೆ.

ಕಿಟಕಿ ಸೀಟು ಸಿಗುವುದಾದರೆ ಎಡಗಡೆಯದು, ‘ಎ’ ಅಕ್ಷರದ್ದು ಕೇಳಿ. ವಿಮಾನ ಉತ್ತರಕ್ಕೆ ಮುಖಮಾಡಿ ಸುಮಾರು 21 ಡಿಗ್ರಿ ಪೂರ್ವಕ್ಕೆ ವಾಲಿಕೊಂಡು ಹೋಗುವುದರಿಂದ ಮಧ್ಯಾಹ್ನಕ್ಕೆ ಮುಂಚಿನ ಬಿಸಿಲೆಲ್ಲ ಬಲಗಡೆಗೆ ಬೀಳುತ್ತದೆ. ಈ ದಾರಿಯದ್ದು ಒಂದು ಸೋಜಿಗವಿದೆ. ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ಗೆರೆ ಶ್ರೀಶೈಲದ ಮೇಲೆಯೇ ಎನ್ನುವಷ್ಟು ಹತ್ತಿರ ಹಾಯುತ್ತದೆ. ಮುಂದೆ ಗೋದಾವರಿಗೆ ಪ್ರಾಣಹಿತಾ ಸೇರುವ ಕಾಳೇಶ್ವರದ ಏಳೆಂಟು ಕಿ.ಮೀ. ಪೂರ್ವಕ್ಕೆ, ಆಮೇಲೆ ನರ್ಮದೆ ಹುಟ್ಟುವ ಅಮರಕಂಟಕದ ಹದಿನೈದು ಕಿ.ಮೀ. ಪಶ್ಚಿಮಕ್ಕೆ ಹಾದು ಕಾಶಿ ಸೇರುತ್ತದೆ. ಕೃಷ್ಣೆ, ಗೋದಾವರಿ, ನರ್ಮದೆ, ಗಂಗೆ, ಸಾಲಾಗಿ. ಹಿಂದೆ ಕಾಲ್ನಡಿಗೆಯಲ್ಲಿ ಹೋದವರು ತಿಂಗಳುಗಟ್ಟಲೆ ದಾಟಿದ ಹೊಳೆಗಳಿವು. ವಿಮಾನ ಆ ದಿನ ಹಿಡಿದ ದಾರಿಯ ಮೇಲೆ ಇವು ಎಡಕ್ಕೋ ಬಲಕ್ಕೋ ಸರಿಯುತ್ತವೆ. ಹೊರಟ ಅರ್ಧ ಗಂಟೆ ಕಳೆಯುವಾಗ ಕಾಡಿನ ನಡುವೆ ಬೆರಳು ಚಾಚಿದಂತೆ ನೀರು ಕಂಡರೆ ಅದು ಶ್ರೀಶೈಲದ ಜಲಾಶಯ.

ಎತ್ತರಕ್ಕೆ ಹೋದಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. 1,930 ಮೀಟರ್‌ನ ಮುಳ್ಳಯ್ಯನಗಿರಿಯ ತುದಿಯಲ್ಲಿ ಎರಡು ಗಂಟೆ ಕೂತಂತೆ ಎಂದುಕೊಳ್ಳಿ. ಉಬ್ಬಸ, ಹೃದಯದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳಿಯೇ ಹೊರಡುವುದು ಇದಕ್ಕೇ. ಕಿವಿ ಕಟ್ಟುವುದು ಏರುವಾಗಿಗಿಂತ ಇಳಿಯುವಾಗ ಹೆಚ್ಚು. ಹೊರಟು ಒಂದೂ ಮುಕ್ಕಾಲು ಗಂಟೆಯಾಗುತ್ತಲೇ ಬಾಯಿಗೊಂದು ಏಲಕ್ಕಿ ಹಾಕಿಕೊಳ್ಳಿ, ಕೂಸಿಗೆ ಹಾಲು ಕುಡಿಸಿ.

1.25ಕ್ಕೆ ಬಾಬತ್‌ಪುರ. ಚೀಲ ಬರಲು ಅರ್ಧ ಗಂಟೆ. ಊರು ಇಲ್ಲಿಂದ 25 ಕಿ.ಮೀ., ಆದರೆ ಆ 25ಕ್ಕೆ ಒಂದೂಕಾಲಿನಿಂದ ಒಂದೂವರೆ ಗಂಟೆ ಬೇಕು. ಕೊನೆಯ ಎರಡು ಕಿಲೋಮೀಟರೇ ಅರ್ಧ ಹೊತ್ತು ನುಂಗುತ್ತದೆ. ಗೋದೌಲಿಯಾ ಹತ್ತಿರ ಕಾರು ಮುಂದಕ್ಕೆ ಬಿಡುವುದಿಲ್ಲ. ಸೈಕಲ್ ರಿಕ್ಷಾ ಇಲ್ಲವೇ ಕಾಲ್ನಡಿಗೆ. ಗಾಲಿ ಇರುವ ದೊಡ್ಡ ಪೆಟ್ಟಿಗೆ ಆ ಗಲ್ಲಿಗಳಲ್ಲಿ ಬರೀ ಭಾರ, ಹೆಗಲಿಗೆ ಹಾಕುವ ಚೀಲವೇ ಸರಿ. ವಸತಿಗೆ ಗೋದೌಲಿಯಾ ಬಳಿ ಜಂಗಮವಾಡಿ ಮಠವಿದೆ. ಹನುಮಾನ್ ಘಾಟ್ ಸುತ್ತಮುತ್ತ ದಕ್ಷಿಣದವರು ಹೆಚ್ಚಾಗಿ ಇಳಿದುಕೊಳ್ಳುವ ಛತ್ರಗಳಿವೆ. ಜಾಗವನ್ನು ಫೋನಿನಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ.

ಅಲ್ಲಿ ಕೈಕಾಲು ತೊಳೆಯುವ ಹೊತ್ತಿಗೆ ನಾಲ್ಕು. ಹಾಸನದ ಗಡಿಯಾರದ ಅಭ್ಯಾಸದಲ್ಲಿ ಕತ್ತಲಾಗಲು ಇನ್ನೂ ಎರಡು ಗಂಟೆ ಇದೆ ಎಂದು ಮಲಗಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಸೂರ್ಯನದು, ಕಾಶಿ ಅದರ ಪಕ್ಕದಲ್ಲೇ ಇದೆ. ಹಾಸನ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಅಂದರೆ ನಮ್ಮ ನೆತ್ತಿಯ ಸೂರ್ಯ 25 ನಿಮಿಷ ತಡ. ಅದರ ಮೇಲೆ ಉತ್ತರದ ಚಳಿಗಾಲದ ಹಗಲು ಗಿಡ್ಡ. ಜನವರಿ ಮೊದಲ ವಾರ ಹಾಸನದಲ್ಲಿ ಹೊತ್ತು ಮುಳುಗುವುದು 6.10ರ ಸುಮಾರಿಗೆ, ಕಾಶಿಯಲ್ಲಿ 5.20ಕ್ಕೆ. ಬೆಳಗಾಗುವುದು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ 6.45ಕ್ಕೇ. ದಶಾಶ್ವಮೇಧ ಘಾಟಿನ ಆರತಿಯೂ ಚಳಿಗಾಲದಲ್ಲಿ ಬೇಗ. ಮೆಟ್ಟಿಲ ಮೇಲೆ ಕೂರಲು ಜಾಗ ಬೇಕಿದ್ದರೆ ಒಂದು ಗಂಟೆ ಮುಂಚೆ ಹೋಗಿರಬೇಕು.

ಎರಡನೆಯ ದಿನ: ಕಾಶಿ

ಆರಕ್ಕೆ ದೋಣಿ, ಬೆಳಕು ಹರಿಯುವಾಗ ನೀರಿನ ಮೇಲೆ. ಅಸ್ಸಿಯಿಂದ ಮಣಿಕರ್ಣಿಕೆಯವರೆಗೆ ಹೋಗಿ ಬರಲು ಒಂದೂವರೆ ಗಂಟೆ ಸಾಕು. ಬಾಡಿಗೆಯನ್ನು ಹತ್ತುವ ಮುಂಚೆಯೇ, ತಲೆಗೋ ದೋಣಿಗೋ ಎಂಬುದನ್ನು ಬಿಡಿಸಿ ಕೇಳಿ. ಆಮೇಲೆ ವಿಶ್ವನಾಥ. 2021ರ ಡಿಸೆಂಬರ್‌ನಲ್ಲಿ ಕಾರಿಡಾರ್ ತೆರೆದ ಮೇಲೆ ನದಿಯ ಕಡೆಯಿಂದಲೂ ಒಳಗೆ ಹೋಗಬಹುದು. ಫೋನು, ಚೀಲ ಒಳಗೆ ಬಿಡುವುದಿಲ್ಲ. ಛತ್ರದಲ್ಲೇ ಬಿಟ್ಟು ಹೋದರೆ ಲಾಕರಿನ ಸಾಲು ತಪ್ಪುತ್ತದೆ. ಅನ್ನಪೂರ್ಣೆ, ವಿಶಾಲಾಕ್ಷಿ ಎರಡೂ ಕಾಲ್ನಡಿಗೆ ದೂರ. ಸಂಜೆಗೆ ಬಿಡುವಾದರೆ ಹತ್ತು ಕಿ.ಮೀ. ದೂರದ ಸಾರನಾಥ.

ಮೂರನೆಯ ದಿನ: ಪ್ರಯಾಗ

ರಸ್ತೆಯಲ್ಲಿ 125 ಕಿ.ಮೀ., ಮೂರು ಗಂಟೆ. ಆರಕ್ಕೆ ಹೊರಟು ತ್ರಿವೇಣಿಯಲ್ಲಿ ಮಿಂದು ಸಂಜೆಯೊಳಗೆ ಹಿಂದಿರುಗಬಹುದು. ಇಲ್ಲೇ ಒಂದು ಉಳಿತಾಯ ಸಾಧ್ಯ: ಹಿಂದಿರುಗದೇ ಇರುವುದು. ಪ್ರಯಾಗರಾಜ್‌ನಲ್ಲೂ ವಿಮಾನ ನಿಲ್ದಾಣವಿದೆ, ಬೆಂಗಳೂರಿಗೆ ಅಲ್ಲಿಂದ ಸುಮಾರು 1,425 ಕಿ.ಮೀ. ವಾರಾಣಸಿಗಿಂತ 40 ಕಿ.ಮೀ. ಕಡಿಮೆ. ಹಾರಾಟದಲ್ಲಿ ಆ ನಲವತ್ತಕ್ಕೆ ಬೆಲೆಯೇ ಇಲ್ಲ, ಮೂರು ನಿಮಿಷ ಅಷ್ಟೇ. ಆದರೆ ರಸ್ತೆಯ ಮೂರು ಗಂಟೆ ಉಳಿಯಿತು. ನೀವು ಹೋಗುವ ದಿನ ಅಲ್ಲಿಂದ ತಡೆರಹಿತ ವಿಮಾನವಿದ್ದರೆ ಹೋಗುವ ಟಿಕೆಟ್ ವಾರಾಣಸಿಗೂ ಬರುವ ಟಿಕೆಟ್ ಪ್ರಯಾಗದಿಂದಲೂ ತೆಗೆಯಿರಿ. ಇಲ್ಲದ ದಿನ ದೆಹಲಿ ಸುತ್ತಿ ಬರುವ ಬದಲು ಕಾಶಿಗೇ ಮರಳಿ.

ನಾಲ್ಕನೆಯ ದಿನ: ವಾಪಸು

ಬರುವಾಗಿನ ವಿಮಾನ ಮಧ್ಯಾಹ್ನ ಒಂದರ ಮೇಲಿನದಿರಲಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಂಗೆಯ ಬಯಲಿನಲ್ಲಿ ರಾತ್ರಿ ನೆಲ ತಣ್ಣಗಾಗಿ, ಗಾಳಿ ಅಲುಗದೆ, ನೆಲದ ಮೇಲೇ ಮಂಜು ಕಟ್ಟುತ್ತದೆ. ನಸುಕಿನಿಂದ ಒಂಬತ್ತರವರೆಗೆ ದಟ್ಟ, ಬಿಸಿಲೇರಿದಂತೆ ಹತ್ತು ಹನ್ನೊಂದಕ್ಕೆ ಕರಗುತ್ತದೆ. ಕೆಲವು ದಿನ ಕರಗುವುದೇ ಇಲ್ಲ. ನಿಮ್ಮ ವಿಮಾನ ಎರಡಕ್ಕೇ ಇರಬಹುದು. ಅದೇ ವಿಮಾನ ಬೆಳಿಗ್ಗೆ ಇನ್ನೆರಡು ಊರು ಸುತ್ತಿ ಬರಬೇಕು, ಆ ಊರಲ್ಲಿ ಮಂಜಿದ್ದರೆ ನಿಮಗೂ ತಡ. ಹೊರಡುವ ಮುಂಚೆ ನಿಮ್ಮ ವಿಮಾನದ ಹೊತ್ತನ್ನಷ್ಟೇ ಅಲ್ಲ, ಅದು ಎಲ್ಲಿಂದ ಬರುತ್ತಿದೆ, ಅಲ್ಲಿಂದ ಬಿಟ್ಟಿದೆಯೇ ಎಂಬುದನ್ನೂ ಫೋನಿನಲ್ಲಿ ನೋಡಿ.

ತಡವಾದರೆ ಏನು ಕೇಳಬಹುದು? ವಿಮಾನಯಾನ ನಿರ್ದೇಶನಾಲಯದ ನಿಯಮದಲ್ಲಿ ಟಿಕೆಟ್ ಮೇಲಿನ ಪ್ರಯಾಣದ ಹೊತ್ತೇ ಅಳತೆಗೋಲು. ಅದು ಎರಡೂವರೆ ಗಂಟೆಯೊಳಗಿದ್ದರೆ ಎರಡು ಗಂಟೆ ತಡಕ್ಕೇ ತಿಂಡಿ-ಊಟ ಕೊಡಬೇಕು. ಎರಡೂವರೆ ದಾಟಿದರೆ ಮೂರು ಗಂಟೆ ಕಾಯಬೇಕು. ಕಾಶಿಯ ವಿಮಾನ ಸರಿಯಾಗಿ ಈ ಗಡಿಯ ಮೇಲೆಯೇ ಕೂತಿದೆ. 2.25 ಎಂದಿದ್ದರೆ ಒಂದು ಲೆಕ್ಕ, 2.35 ಎಂದಿದ್ದರೆ ಇನ್ನೊಂದು. ಆರು ಗಂಟೆಗಿಂತ ಹೆಚ್ಚು ತಡವೆಂದರೆ ಬೇರೆ ವಿಮಾನವನ್ನೋ ಪೂರ್ತಿ ದುಡ್ಡನ್ನೋ ಕೇಳಬಹುದು. ಮಂಜಿನಿಂದ ರದ್ದಾದರೆ ಪರಿಹಾರ ಧನ ಸಿಗದು, ಟಿಕೆಟ್ ದುಡ್ಡು ವಾಪಸು ಬರಬೇಕು.

ಹೋಗುವಾಗಿಗಿಂತ ಬರುವಾಗ ಐದೋ ಹತ್ತೋ ನಿಮಿಷ ಹೆಚ್ಚು ಹಿಡಿದರೆ ಗಾಬರಿ ಬೇಡ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಸ್ವಲ್ಪ ಬೆನ್ನಿಗೆ, ಬರುವಾಗ ಸ್ವಲ್ಪ ಎದೆಗೆ. ನಮ್ಮ ದಾರಿ ಬಹುಪಾಲು ಉತ್ತರ-ದಕ್ಷಿಣವಾದ್ದರಿಂದ ಅಡ್ಡಗಾಳಿಯೇ ಜಾಸ್ತಿ, ಹೊತ್ತಿನ ವ್ಯತ್ಯಾಸ ಕಡಿಮೆ.

ಗಂಗೆಯನ್ನು ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲೇ ತನ್ನಿ, ಪ್ಲಾಸ್ಟಿಕ್ ಕ್ಯಾನು ಒತ್ತಡಕ್ಕೆ ಮುಚ್ಚಳದಲ್ಲಿ ಜಿನುಗುತ್ತದೆ. ಕೈಚೀಲದಲ್ಲಿ ಬೇಡ, ಪಂಚೆಯಲ್ಲಿ ಸುತ್ತಿ ಕೊಡುವ ಚೀಲದ ನಡುವೆ ಇಡಿ. ಸಮಾರಾಧನೆಗೆ ನೆಂಟರಿಗೆಲ್ಲ ಹಂಚಲು ಇಪ್ಪತ್ತು ಗಿಂಡಿ ಕೊಂಡವರಿಗೆ 15 ಕಿಲೋ ಮಿತಿ ಇಲ್ಲಿ ಕಾಡುತ್ತದೆ. ಛತ್ರದಲ್ಲೇ ತೂಗಿ, ಹೆಚ್ಚಾದರೆ ಆನ್‌ಲೈನಿನಲ್ಲಿ ಮೊದಲೇ ದುಡ್ಡು ಕಟ್ಟಿ. ಕೌಂಟರಿನ ದರ ಅದಕ್ಕಿಂತ ಹೆಚ್ಚು.

ಎರಡರ ವಿಮಾನ ಸಮಯಕ್ಕೆ ಬಿಟ್ಟರೆ ನಾಲ್ಕೂವರೆಗೆ ದೇವನಹಳ್ಳಿ, ಚೀಲ ತಗೊಂಡು ಐದು. ಕಾರಾದರೆ ದೊಡ್ಡಬಳ್ಳಾಪುರದ ದಾರಿಯಲ್ಲಿ ಒಂಬತ್ತೂವರೆಗೆ ಹಾಸನ. ಬಸ್ಸಾದರೆ ಸಂಜೆಯ ದಟ್ಟಣೆಯಲ್ಲಿ ಮೆಜೆಸ್ಟಿಕ್‌ಗೆ ಏಳು, ಹಾಸನಕ್ಕೆ ಹನ್ನೊಂದೂವರೆ. ವಿಮಾನ ಎರಡು ಗಂಟೆ ತಡವಾದರೆ ರಾತ್ರಿ ಕಣ್ಣೂರಿನ ಕಡೆ ಹೊರಡುವ ರೈಲು ಯಶವಂತಪುರದಲ್ಲಿ ಸಿಗುತ್ತದೆ, ಆದರೆ ಹಾಸನದಲ್ಲಿ ನಡುರಾತ್ರಿ ದಾಟಿದ ಮೇಲೆ ಇಳಿಸುತ್ತದೆ. ಅಲಾರಂ ಇಟ್ಟುಕೊಂಡು ಮಲಗಿ. ಅಲ್ಲಿಂದ ಬೇಲೂರು, ಚಿಕ್ಕಮಗಳೂರಿಗೆ ಆ ಹೊತ್ತಿನಲ್ಲಿ ಬಸ್ಸು ವಿರಳ. ಮುಂದಕ್ಕೆ ಹೋಗುವವರು ಕಾರಿನವರಿಗೆ ಬೆಂಗಳೂರಿನಲ್ಲಿ ಇಳಿದ ತಕ್ಷಣ ಫೋನ್ ಮಾಡಿ ಹೇಳಿಡಿ.